ಹಣ್ಣೆಲೆಯ ಪದ್ಧತಿ

ಎಲೆ ಅಡಿಕೆಯ ತಟ್ಟೆಯನ್ನು ನನ್ನ ಮುಂದೆ ಇಟ್ಟು ನೋಡಿ. ಬೇರೆಯವರ ಕೈ ನೇರವಾಗಿ ಎಳೆಯ ಹಸಿರೆಲೆಗೆ ಹೋದರೆ, ನನ್ನ ಕೈ ಕಟ್ಟನ್ನೆಲ್ಲ ಕೆದಕಿ ಅಡಿಯಲ್ಲೆಲ್ಲೋ ಮುಖ ಮರೆಸಿಕೊಂಡು ಕೂತ ಒಂದು ಹಳದಿ ಎಲೆಯನ್ನು ಹುಡುಕಿ ಎಳೆಯುತ್ತದೆ. ಹಣ್ಣೆಲೆ ಸಿಕ್ಕರೆ ನನಗೆ ಪಂದ್ಯ ಗೆದ್ದಷ್ಟು ಖುಷಿ. ಸಿಗದಿದ್ದರೆ ಆ ಮನೆಯವರಿಗೆ ಉಪಚಾರ ತಿಳಿಯದು ಎಂದು ಮನಸ್ಸಿನಲ್ಲೇ ಷರಾ ಬರೆದುಬಿಡುತ್ತೇನೆ. ಬಾಯಲ್ಲಿ ಹಲ್ಲಿಲ್ಲದ್ದಕ್ಕೆ ಅಜ್ಜಿಗೆ ಮೆತ್ತನೆಯ ಎಲೆ ಬೇಕು ಎಂದು ಮೊಮ್ಮಕ್ಕಳು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಮೂವತ್ತೆರಡೂ ಗಟ್ಟಿಯಾಗಿದ್ದಾಗಲೇ ಅಂಟಿದ ಚಟ ಇದು. ಮೇಲಾಗಿ ನನಗೆ ಈಗಲೂ ಏಳು ಹಲ್ಲಿವೆ, ಬೇಕಾದರೆ ಬಂದು ಎಣಿಸಿ.

ಕಳೆದ ರಜೆಗೆ ಮನೆಗೆ ಬಂದ ಮೊಮ್ಮಗಳು ನನ್ನ ಈ ಕೆದಕಾಟವನ್ನು ನೋಡುತ್ತ ಕೂತಿದ್ದಳು. ಧಾರವಾಡದ ಕಾಲೇಜಿನಲ್ಲಿ ಗಿಡಮರಗಳ ಶಾಸ್ತ್ರ ಓದುತ್ತಾಳೆ. ಎಲೆ ಕಂಡರೆ ಸುಮ್ಮನಿರಲಾರಳು.

"ಅಜ್ಜಿ, ಎಲಿ ಹಳದಿ ಆಗೂದಿಲ್ಲ, ಗೊತ್ತೇನ ನಿನಗ?" ಅಂದಳು.

"ಮತ್ತ ನನ್ನ ಕೈಯಾಗ ಇರೂದು ಏನು, ಅರಿಷಿಣ ಕೊಂಬೇನು?"

"ಹಂಗಲ್ಲ. ಹಳದಿ ಮೊದಲಿಂದಾನೂ ಅದರೊಳಗ ಇರತೈತಿ. ಹಸರು ಅದರ ಮ್ಯಾಲೆ ಕುಂತಿರತೈತಿ, ಅದಕ್ಕ ನಮಗ ಕಾಣೂದಿಲ್ಲ. ಎಲಿಗೆ ವಯಸ್ಸಾತಂದ್ರ ಹಸರು ಒಡದು ಹೋಗತೈತಿ, ಬಣ್ಣ ಕಳಕೋತೈತಿ. ಒಳಗಿದ್ದದ್ದು ಆವಾಗ ಹೊರಗ ಕಾಣತೈತಿ, ಅಷ್ಟ."

ಆ ಹಸಿರಿಗೆ ಪತ್ರಹರಿತ್ತು ಎನ್ನುತ್ತಾರಂತೆ. ಹೆಸರು ಕೇಳಿದರೆ ಯಾವುದೋ ಸಂಸ್ಥಾನದ ದಿವಾನರ ಹೆಸರಿದ್ದಂತಿದೆ. ನಾನು ಎಲೆಗೆ ಸುಣ್ಣ ಸವರುತ್ತ ನಮ್ಮ ಅತ್ತೆಯನ್ನು ನೆನೆದೆ. ನೆನೆದು ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸುಣ್ಣ ಹೆಚ್ಚಾಗಿರಬೇಕು ಎಂದು ಮೊಮ್ಮಗಳು ನೀರು ತಂದುಕೊಟ್ಟಳು.

ನಾನು ಲೋಕಾಪುರದ ಕಡೆಯ ಹುಡುಗಿ. ನಮ್ಮಲ್ಲಿ ಜೋಳ, ಹತ್ತಿ, ಕಡಲೆ. ಕಣ್ಣು ಹಾಯುವವರೆಗೂ ಕಪ್ಪು ಮಣ್ಣಿನ ಎರಿ ಹೊಲ. ಹದಿನಾರಕ್ಕೆ ರಬಕವಿಯ ಎಲೆತೋಟದ ಮನೆಗೆ ದೊಡ್ಡ ಸೊಸೆಯಾಗಿ ಬಂದೆ. ಸಂಸ್ಥಾನಗಳ ಕಾಲ ಅದು. ಎರಡು ಊರು ದಾಟಿದರೆ ರಾಜರೇ ಬೇರೆಯಾಗುತ್ತಿದ್ದರು. ನನಗೆ ಮಾತ್ರ ರಾಜರು, ದಿವಾನರು, ಫೌಜುದಾರರು ಎಲ್ಲ ಒಬ್ಬರೇ, ನಮ್ಮ ಅತ್ತೆ. ಬಾಯಿ ತೆಗೆದರೆ ಹಿತ್ತಲಿನ ಎಮ್ಮೆಯೂ ಮೆಲುಕು ಹಾಕುವುದನ್ನು ನಿಲ್ಲಿಸುತ್ತಿತ್ತು. ನಾನು ಬಂದ ಎರಡು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಒಂದೇ ಒಂದು ಸಲ, ಅದೂ "ಇವತ್ತ ಸಾರು ಅಷ್ಟೇನ ಕೆಟ್ಟಿಲ್ಲ" ಎಂದು.

ಎಲೆತೋಟದ ಮನೆಯ ಕಟ್ಟಳೆಗಳು ನನಗೆ ಹೊಸವು. ತೋಟದೊಳಗೆ ಕಾಲಲ್ಲಿ ಚಪ್ಪಲಿ ಇರಬಾರದು. ಅಮಾವಾಸ್ಯೆಯ ಎರಡು ದಿನ ಹಿಂದೆ, ಎರಡು ದಿನ ಮುಂದೆ ಮಾವ ಬಳ್ಳಿಗೆ ಉಗುರು ಹಚ್ಚುತ್ತಿರಲಿಲ್ಲ. ಉಗುರು ಅಂದರೆ ಎಲೆ ಕೀಳಲು ಹೆಬ್ಬೆರಳಿಗೆ ಹಾಕಿಕೊಳ್ಳುವ ತಗಡಿನ ಉಗುರು. ಉಳಿದ ಮಾತಿನಲ್ಲಿ ನಮ್ಮ ಮನೆಯಲ್ಲಿ ಅಂಥ ಮಡಿ ಇರಲಿಲ್ಲ. ಆದರೆ ಹೊರಗಾದ ಹೆಂಗಸು ಐದನೆಯ ದಿನ ತಲೆಗೆ ನೀರು ಹಾಕಿಕೊಳ್ಳುವವರೆಗೆ ತೋಟದ ಕಡೆಗಾಗಲಿ ಎಲೆ ಕೋಣೆಯ ಕಡೆಗಾಗಲಿ ಸುಳಿಯುವಂತಿಲ್ಲ. ಸುಳಿದರೆ ಬಳ್ಳಿ ಒಣಗುತ್ತದೆ ಎಂಬ ನಂಬಿಕೆ. ಬಳ್ಳಿಗೆ ಅಷ್ಟೆಲ್ಲ ತಿಳಿಯುತ್ತದೆಯೇ ಎಂದು ಒಮ್ಮೆ ಕೇಳಿ ಅತ್ತೆಯಿಂದ ಅನ್ನಿಸಿಕೊಂಡಿದ್ದೇನೆ.

ಮಾವ ಮಾತ್ರ ಸಾಧು ಮನುಷ್ಯ. ಚೊಗಚೆಯ ಗಿಡಕ್ಕೆ ಹಬ್ಬಿದ ಬಳ್ಳಿಯ ಬುಡದಲ್ಲಿ ಕೂತು ನನಗೆ ಎಲೆಯ ವಯಸ್ಸು ಹೇಳಿಕೊಡುತ್ತಿದ್ದರು. ತುದಿಯದು ಕೂಸು, ನಡುವಿನದು ದುಡಿಯುವ ಆಳು, ಬುಡದ್ದು ಮುದುಕ. "ನೋಡವಾ, ಹಸರು ಮೊದಲ ಅಂಚಿನ್ಯಾಗ ಬಿಡತೈತಿ, ನರದಾಗ ಕಡೀಕ. ಬಳ್ಳಿ ಶ್ಯಾಣ್ಯಾ ಐತಿ. ಎಲಿಯೊಳಗಿನ ಕಸುವೆಲ್ಲಾ ವಾಪಸ್ ಜಗ್ಗಿಕೊಂಡ ಮ್ಯಾಲೆ ಕೈ ಬಿಡತೈತಿ" ಎನ್ನುತ್ತಿದ್ದರು. ಹಾಗೆ ಹಳದಿಯಾದ ಎಲೆಯನ್ನು ಕಿತ್ತು ಬುಡಕ್ಕೇ ಎಸೆಯುತ್ತಿದ್ದರು. ಹಣ್ಣೆಲೆ ಬುಟ್ಟಿಗೆ ಬಿದ್ದರೆ ಮನೆತನಕ್ಕೆ ಅವಮಾನ. ಶುಭಕಾರ್ಯದ ತಬಕಿನಲ್ಲಂತೂ ಅದನ್ನು ನೋಡಿದರೇ ಅಪಶಕುನ.

ಇನ್ನು ಗಂಗವ್ವನ ಮಾತು. ಅವಳು ನನ್ನ ನಾದಿನಿ, ಆ ಮನೆಯಲ್ಲಿ ನನಗಿದ್ದ ಒಬ್ಬಳೇ ಗೆಳತಿ. ತೊಗರಿ ಕಟ್ಟಿಗೆಯಲ್ಲಿ ಹೊಗೆಯಿಲ್ಲದೆ ಒಲೆ ಹಚ್ಚುವುದನ್ನು ಕಲಿಸಿದವಳು, ನಾನು ಒಡೆದ ಗಡಿಗೆಯ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದವಳು. ಎತ್ತರದ ಹುಡುಗಿ. ಎತ್ತರ ಹೆಚ್ಚಾಯಿತು ಎಂದು ಎರಡು ಸಂಬಂಧ ತಪ್ಪಿದ್ದವು. ಮೂರನೆಯದು ಜಮಖಂಡಿಯದು. ಹುಡುಗ ಕನ್ನಡ ಸಾಲಿಯ ಮಾಸ್ತರ. ಬಂದು ನೋಡಿ, ತಾನೂ ಎತ್ತರವೇ ಇದ್ದುದರಿಂದ ಖುಷಿಯಿಂದ ಒಪ್ಪಿಹೋಗಿದ್ದ. ಗಂಗವ್ವನೂ ಒಪ್ಪಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಆ ವಾರವೆಲ್ಲ ರೊಟ್ಟಿ ತಟ್ಟುವಾಗ ಹಾಡು ಗುನುಗುತ್ತಿದ್ದಳು. ತೊಡಕು ಹುಡುಗನ ಅಜ್ಜಿಯದು. ಮನೆಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು. ಆಯಿಗೆ ಮುಧೋಳದ ಒಂದು ಹುಡುಗಿಯ ಮೇಲೆ ಮನಸ್ಸಿತ್ತು. ಅವರಲ್ಲಿ ಒಂದು ಪದ್ಧತಿ: ನಿಶ್ಚಯದ ದಿನ ಹೆಣ್ಣಿನ ಮನೆಯವರು ಒಯ್ದ ಎಲೆಯನ್ನು ಮನೆಯ ಹಿರಿಯರು ಬಾಯಿಗೆ ಇಟ್ಟುಕೊಂಡರೆ ಮಾತು ಪಕ್ಕಾ. ಬುಟ್ಟಿಯನ್ನು ಸರಿಸಿದರೆ ಗಾಡಿ ತಿರುಗಿಸಿಕೊಂಡು ಬರಬೇಕು.

ನಿಶ್ಚಯ ಶುಕ್ರವಾರ, ನಡುವೆ ಬುಧವಾರ ಅಮಾವಾಸ್ಯೆ. ಹೀಗಾಗಿ ಮಾವ ಭಾನುವಾರವೇ ಎಲೆ ಕೊಯ್ದು ನಾಲ್ಕು ಬುಟ್ಟಿ ತುಂಬಿಸಿ ಎಲೆ ಕೋಣೆಯಲ್ಲಿಟ್ಟರು. ಕತ್ತಲೆಯ, ತಂಪಿನ ಸಣ್ಣ ಕೋಣೆ ಅದು. ಕೀಲಿ ಅತ್ತೆಯ ಸೊಂಟದಲ್ಲಿ. ಸಂಜೆ ನೀರು ಚಿಮುಕಿಸುವ ಹೊತ್ತಿಗೆ ಮಾತ್ರ ಅದು ನನ್ನ ಕೈಗೆ ಬರುತ್ತಿತ್ತು, ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದರು.

ಅದೇ ಭಾನುವಾರ ನಮ್ಮವರು ಬನಹಟ್ಟಿಯ ಪೇಟೆಯಿಂದ ನನಗೆ ನಾಲ್ಕು ಬಾಳೆಹಣ್ಣು ತಂದರು, ಧೋತರದ ಮಡಿಕೆಯಲ್ಲಿ ಅಡಗಿಸಿಕೊಂಡು. ಎರಿ ಸೀಮೆಯವಳಿಗೆ ಬಾಳೆಹಣ್ಣೆಂದರೆ ಜೀವ. ತವರಿನಲ್ಲಿ ಪೂಜೆಯ ದಿನ ಅರ್ಧ ಸಿಕ್ಕರೆ ಹೆಚ್ಚು. ಈಗಿನವರಿಗೆ ಇದರಲ್ಲಿ ಅಡಗಿಸುವುದೇನಿದೆ ಅನ್ನಿಸಬಹುದು. ತುಂಬಿದ ಮನೆಯಲ್ಲಿ ಗಂಡ ಹೆಂಡತಿಯೊಬ್ಬಳಿಗೇ ತಿನ್ನಲು ತಂದ ಎಂದರೆ ಆ ಗಂಡಸನ್ನು ಊರು ವರ್ಷವಿಡೀ ಆಡಿಕೊಳ್ಳುತ್ತಿತ್ತು. ನಾನು ಅಲ್ಲೇ ಗೋಡೆಯ ಮರೆಯಲ್ಲಿ ಒಂದನ್ನು ನುಂಗಿದೆ. ಸಿಪ್ಪೆಯನ್ನು ಎಮ್ಮೆ ನುಂಗಿತು. ಉಳಿದ ಮೂರನ್ನು ಸೆರಗಿನಲ್ಲಿಟ್ಟುಕೊಂಡೇ ನೀರು ಚಿಮುಕಿಸಲು ಹೋದೆ. ಅತ್ತೆ ಬಾಗಿಲಲ್ಲಿ ನಿಂತು ಯಾರ ಮೇಲೋ ಕೂಗಾಡುತ್ತಿದ್ದರು. ತಂಪು ಜಾಗ, ಇಲಿ ಬಾರದು, ಮಕ್ಕಳು ಬಾರರು. ಮೊದಲ ಬುಟ್ಟಿಯ ತಳಕ್ಕೆ ಮೂರನ್ನೂ ತಳ್ಳಿ, ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಹೊರಗೆ ಬಂದೆ.

ಸೋಮವಾರ ಬೆಳಿಗ್ಗೆ ಹೊರಗಾದೆ.

ಹಿತ್ತಲಿನ ಪಡಸಾಲೆಯಲ್ಲಿ ಕೂತು ನಾಲ್ಕು ದಿನ ನಾನು ಪಟ್ಟ ಪಾಡು ಶಿವನಿಗೇ ಗೊತ್ತು. ನನ್ನ ಚಿಂತೆ ಎಲೆಯದಲ್ಲ. ಯಾರಾದರೂ ಹಣ್ಣು ಕಂಡರೆ ನಮ್ಮವರ ಮಾನ ಹೋಗುತ್ತದೆಂಬ ಚಿಂತೆ. ಅವರು ಬಾವಿಗೆ ಹೋಗುವಾಗ ದೂರದಿಂದ ಮೂರು ಬೆರಳು ತೋರಿಸಿ, ಎಲೆ ಕೋಣೆಯ ಕಡೆಗೆ ಕೈ ಮಾಡಿದೆ. ಇನ್ನೂ ಮೂರು ದಿನ ಕೋಣೆಗೆ ಹೋಗುವಂತಿಲ್ಲ ಎಂದು ಹೇಳುತ್ತಿದ್ದಾಳೆ ಎಂದು ತಿಳಿದು, ತಲೆಯಾಡಿಸಿ ಹೋದರು ಆ ಮಹಾನುಭಾವ. ಅಷ್ಟರಲ್ಲಿ ಮಾವ ನಾಲ್ಕರಲ್ಲಿ ಚೊಕ್ಕ ಎಲೆಯ ಬುಟ್ಟಿಯನ್ನು ಆರಿಸಿ, ಇದು ಆಯಿಗೆ ಎಂದು ಒದ್ದೆ ಗೋಣಿಯಿಂದ ಬಾಯಿ ಕಟ್ಟಿಬಿಟ್ಟಿದ್ದರು. ಗಾಳಿಯಾಡಿದರೆ ಎಲೆ ಬಾಡುತ್ತದೆ ಎಂದು ಆಮೇಲೆ ಯಾರೂ ಬಿಚ್ಚಲಿಲ್ಲ. ಯಾವ ಬುಟ್ಟಿ ಎಂದು ನೀವು ಕೇಳಬೇಕಾಗಿಲ್ಲ. ಶುಕ್ರವಾರ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು ನಾನು ಓಡಿ ಬರುವಷ್ಟರಲ್ಲಿ ಅದು ಗಾಡಿಯಲ್ಲಿ ಕೂತಿತ್ತು. ಪಕ್ಕದಲ್ಲಿ ನೆಂಟರಿಷ್ಟರಿಗೆಂದು ಇನ್ನೊಂದು ಸಣ್ಣ ಬುಟ್ಟಿ.

ಬನಹಟ್ಟಿಯ ಮಗ್ಗಗಳ ಸದ್ದು ದಾಟಿದ ಮೇಲೆ ಸುಂಕದ ನಾಕಾದಲ್ಲಿ ಸಿಪಾಯಿ ಗಾಡಿ ನಿಲ್ಲಿಸಿದ. ಬುಟ್ಟಿಯ ಮೇಲೆ ಬಗ್ಗಿ ಮೂಸಿದ.

"ಎಲಿ ಅಂತೀರಿ, ಬಾಳಿಹಣ್ಣಿನ ವಾಸನಿ ಬರತೈತಲ್ರಿ ಗೌಡ್ರ."

ಮಾವ ಮೀಸೆ ತಿರುವಿ, "ನಮ್ಮ ತೋಟದ ಎಲಿ ವಾಸನೀನ ಹಂಗ ಐತೆಪಾ" ಅಂದರು. ಅತ್ತೆ ಮಾತ್ರ ತಿರುಗಿ ನನ್ನ ಮುಖ ನೋಡಿದರು. ನಾನು ದಾರಿಯ ಬದಿಯ ಜಾಲಿ ಗಿಡಗಳನ್ನು ಎಣಿಸತೊಡಗಿದೆ.

ಜಮಖಂಡಿಯ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಹುಡುಗನ ಅಪ್ಪ ಸಂಸ್ಥಾನದ ಕಚೇರಿಯ ಕಾರಕೂನರು, ರುಮಾಲು ಸುತ್ತಿ ನೆಟ್ಟಗೆ ಕೂತಿದ್ದರು. ನಡುವೆ ಲೋಡಿಗೆ ಒರಗಿ ಆಯಿ, ಹಿಡಿಯಷ್ಟು ಮುದುಕಿ, ಪಕ್ಕದಲ್ಲಿ ಎಲೆ ಕುಟ್ಟುವ ಹಿತ್ತಾಳೆಯ ಕುಟ್ಟಾಣಿ. ಗಂಗವ್ವ ಹಸಿರು ಇಳಕಲ್ ಸೀರೆಯುಟ್ಟು ನನ್ನ ಪಕ್ಕ ಕೂತಳು. ಮಾವ ಬುಟ್ಟಿಯನ್ನು ಆಯಿಯ ಮುಂದಿಟ್ಟು, ಹಗ್ಗ ಬಿಚ್ಚಿ, ಗೋಣಿ ಎತ್ತಿದರು.

ಬುಟ್ಟಿಯ ತುಂಬ ಹಳದಿ. ಮೇಲಿನಿಂದ ಕೆಳಗಿನವರೆಗೆ ಒಂದಾದರೂ ಹಸಿರೆಲೆ ಇಲ್ಲ. ಅಲ್ಲಲ್ಲಿ ನರದ ಗುಂಟ ಮಾತ್ರ ಒಂದಿಷ್ಟು ಹಸಿರಿನ ಎಳೆ ಉಳಿದಿತ್ತು.

ಹುಡುಗನ ಸೋದರತ್ತೆ ಮೊದಲು ಬಾಯಿ ತೆಗೆದಳು. "ಶುಭಕಾರ್ಯಕ್ಕ ಉದರೂ ಎಲಿ ತಂದಾರಲ್ಲ. ಎಲಿತ್ವಾಟದವರು ಅಂತ ಬ್ಯಾರೆ ಹೇಳಿದ್ರು."

ಮಾವನ ಕೈಯಲ್ಲಿ ಗೋಣಿ ಹಾಗೇ ಉಳಿಯಿತು. ಐವತ್ತು ವರ್ಷ ಎಲೆ ಬೆಳೆದ ಮನುಷ್ಯ, ತಾನು ಆರಿಸಿದ ಬುಟ್ಟಿಯನ್ನು ತಾನೇ ಗುರುತಿಸಲಾರದೆ ನಿಂತಿದ್ದರು. ಗಂಗವ್ವ ತಲೆ ಎತ್ತಲಿಲ್ಲ. ಅವಳ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ನಾನು ಬಾಳೆಹಣ್ಣು ಬಚ್ಚಿಟ್ಟ ಬುಟ್ಟಿಯೇ ಹೀಗಾಗಿದೆ, ನನ್ನ ಚಪಲದಿಂದ ಮೂರನೆಯ ಸಂಬಂಧವೂ ಮುರಿಯಿತಲ್ಲ ಅನ್ನಿಸಿತು. ಆಯಿಯ ಕೈ ಬುಟ್ಟಿಯ ಅಂಚಿಗೆ ಬಂದಿತ್ತು. ಸರಿಸುವುದೊಂದೇ ಬಾಕಿ.

ಹಿರಿಯರ ಎದುರಿಗೆ ಅಲ್ಲಿಯವರೆಗೆ ಬಾಯಿ ತೆಗೆಯದವಳು ನಾನು. ಹೇಗೆ ಎದ್ದು ನಿಂತೆನೋ ತಿಳಿಯದು.

"ಹಸರೆಲಿ ಹಲ್ಲಿದ್ದವರಿಗ್ರಿ," ಅಂದೆ. "ತಬಕಿನ್ಯಾಗ ಇಡೂ ಎಲಿ ಆ ಸಣ್ಣ ಬುಟ್ಟ್ಯಾಗ ಹಸರ ಅದಾವು. ಈ ಬುಟ್ಟಿ ಆಯಿಗಂತ ನಾನ ಹಣ್ಣ ಮಾಡೇನ್ರಿ."

"ಯಾರವಾ ನೀ?" ಆಯಿ ಕಣ್ಣು ಕಿರಿದು ಮಾಡಿದಳು.

"ದೊಡ್ಡ ಸೊಸಿರಿ."

ಆಯಿ ನನ್ನನ್ನೂ ಎಲೆಯನ್ನೂ ಒಂದೊಂದು ಸಲ ನೋಡಿದಳು. ಬುಟ್ಟಿಯನ್ನು ಸರಿಸಲಿಲ್ಲ. ಒಂದು ಎಲೆ ತೆಗೆದು, ತೊಟ್ಟು ಮುರಿದು, ತುದಿ ಚಿವುಟಿ, ಸುಣ್ಣ ಸವರಿದಳು. ಅಡಿಕೆಯ ಪುಡಿ ಹಾಕಿ ಮಡಿಸಿದಳು. ಕುಟ್ಟಾಣಿಯ ಕಡೆ ಕೈ ಹೋಯಿತು, ಅರ್ಧಕ್ಕೆ ನಿಂತಿತು. ಹಾಗೇ ಬಾಯಿಗಿಟ್ಟುಕೊಂಡಳು. ಎರಡು ಊರಿನ ಜನ ಆ ಬೊಚ್ಚು ಬಾಯಿಯನ್ನೇ ನೋಡುತ್ತ ಕೂತೆವು.

"ಖಾರಿಲ್ಲ, ನಾರಿಲ್ಲ," ಅಂದಳು ರಸ ನುಂಗಿ. "ಬೆಣ್ಣಿ ಕರಗಿದಂಗ ಕರಗಿತು. ಹತ್ತು ವರ್ಷ ಆತು, ಇವರು ನನಗ ಎಲಿ ಕುಟ್ಟಿ ಕೊಡತಾರ, ರುಚಿಯೆಲ್ಲಾ ಕುಟ್ಟಾಣಿ ತಿಂತೈತಿ. ಹಲ್ಲಿಲ್ಲದ ಮುದುಕಿ ಅಂತ ನೆನಪಿಟ್ಟು ತಂದವರು ನೀವ ಮೊದಲು."

ಎರಡನೆಯ ಎಲೆಗೆ ಕೈ ಹಾಕಿದಳು. ಮೇಲಿನದು ಸಾಲದೆ ಆಳಕ್ಕೆ ಕೈ ಇಳಿಸಿದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಆಯಿಯ ಕೈಯಲ್ಲಿ ಮೂರು ಬಾಳೆಹಣ್ಣು ತೂಗುತ್ತಿದ್ದವು, ಕಪ್ಪಗೆ, ಮೆತ್ತಗೆ.

ನಮ್ಮವರು ಮಾಳಿಗೆಯ ತೊಲೆಗಳನ್ನು ನೋಡತೊಡಗಿದರು. ಎಲ್ಲ ಕಡೆಯಿಂದ ಕಣ್ಣುಗಳು ನನ್ನ ಮೇಲೆ ಬಿದ್ದವು. ಆಗ ಹಿಂದಿನಿಂದ ಒಂದು ದನಿ ಬಂತು, ಎಮ್ಮೆಯನ್ನು ಹೆದರಿಸುವ ದನಿಯೇ, ಆದರೆ ತಗ್ಗಿಸಿದ್ದು.

"ಅದು ನಮ್ಮ ಮನಿ ಪದ್ಧತಿರಿ," ಅಂದರು ಅತ್ತೆ. "ಎಲಿ ಹಣ್ಣ ಮಾಡಬೇಕಂದ್ರ ಬುಟ್ಟಿ ತಳಕ್ಕ ಮೂರು ಬಾಳಿಹಣ್ಣ ಇಡತೇವಿ. ನಮ್ಮ ಅತ್ತಿ ಕಾಲದಿಂದ ನಡದು ಬಂದೈತಿ. ಸೊಸೀಗೆ ನಾನ ಹೇಳಿ ಕೊಟ್ಟೇನಿ."

ಮಾವ ತಮ್ಮ ಹೆಂಡತಿಯ ಕಡೆ ತಿರುಗಿದರು. ಆ ಅತ್ತೆ ಅವರ ಸ್ವಂತ ತಾಯಿ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದರೂ ಇಂಥ ಪದ್ಧತಿಯನ್ನು ಅವರು ಕೇಳಿರಲಿಲ್ಲ.

"ಮೂರ ಯಾಕ?" ಆಯಿ ಕೇಳಿದಳು.

ಅತ್ತೆ ರೆಪ್ಪೆ ಹೊಡೆಯಲಿಲ್ಲ. "ನಾಕ ಇಟ್ರ ಎಲಿ ಕೊಳೀತಾವ್ರಿ."

ನಾಲ್ಕನೆಯದನ್ನು ತಿಂದವಳು ತಲೆ ತಗ್ಗಿಸಿದೆ.

"ನಮ್ಮ ಮನಿಗೆ ಬರೂ ಹುಡಿಗಿಗೆ ಈ ಪದ್ಧತಿ ಗೊತ್ತೈತೇನು?" ಆಯಿಯ ಪ್ರಶ್ನೆ ಈಗ ಗಂಗವ್ವನಿಗೆ.

"ಗೊತ್ತೈತ್ರಿ ಆಯಿ," ಅಂದಳು ಗಂಗವ್ವ. ಆ ಪಡಸಾಲೆಯಲ್ಲಿ ನಮ್ಮ ಮನೆಯ ಹೆಂಗಸರು ಸಾಲಾಗಿ ಹೇಳಿದ ಮೂರನೆಯ ಸುಳ್ಳು ಅದು. ಬಾಗಿಲ ಬಳಿ ನಿಂತಿದ್ದ ಎತ್ತರದ ಮಾಸ್ತರ ನಕ್ಕುಬಿಟ್ಟ. ಆಯಿ ಎರಡನೆಯ ಎಲೆಯನ್ನು ಬಾಯಿಗಿಟ್ಟುಕೊಂಡು, "ಹಂಗಾರ ಸಕ್ಕರಿ ಹಂಚರಿ" ಅಂದಳು.

ಸಕ್ಕರೆ ಹಂಚಿದರು. ಸೋದರತ್ತೆಯ ಕೈಗೆ ನಾನೇ ಒಂದು ಹಿಡಿ ಹೆಚ್ಚು ಹಾಕಿದೆ.

ಮೊಮ್ಮಗಳು ಹೇಳುತ್ತಾಳೆ, ಮಾಗಿದ ಹಣ್ಣು ಕಣ್ಣಿಗೆ ಕಾಣದ ಒಂದು ಗಾಳಿ ಬಿಡುತ್ತದಂತೆ, ಅದು ತಾಗಿದ ಎಲೆಯ ಹಸಿರು ಬೇಗ ಒಡೆಯುತ್ತದಂತೆ, ಬಾಯಿ ಕಟ್ಟಿದ ಬುಟ್ಟಿಯಲ್ಲಂತೂ ಕೇಳುವುದೇ ಬೇಡವಂತೆ. ಇರಬಹುದು. ನಿಮ್ಮ ಕಾಲೇಜಿನವರು ಅದನ್ನು ಕಂಡುಹಿಡಿದದ್ದು ಸಂತೋಷ, ನಾನು ಹದಿನೆಂಟಕ್ಕೇ ಜಮಖಂಡಿಯಲ್ಲಿ ಹತ್ತು ಜನರೆದುರಿಗೆ ತೋರಿಸಿ ಬಂದಿದ್ದೇನೆ ಎಂದೆ. ಹಳದಿ ಮೊದಲಿಂದಲೂ ಒಳಗೇ ಇತ್ತು ಎನ್ನುವ ಅವಳ ಮಾತನ್ನು ಮಾತ್ರ ನಾನು ಪೂರಾ ಒಪ್ಪುತ್ತೇನೆ. ಎರಡು ವರ್ಷ ಆ ಅತ್ತೆಯ ಬೈಗುಳ ತಿಂದವಳಿಗೆ, ಒಳಗೆ ಏನಿತ್ತೆಂದು ಆ ಒಂದು ಮಧ್ಯಾಹ್ನ ಕಂಡಿತು.

ತಿರುಗಿ ಬರುವಾಗ ಗಾಡಿಯಲ್ಲಿ ಮಾವ ಬಾಯಿ ತೆರೆದರು. "ಅಲ್ಲಾ, ನಮ್ಮವ್ವನ ಕಾಲದಿಂದ ಅಂದಿ..."

"ಸುಮ್ಮ ಕುಂದರ್ರಿ," ಅಂದರು ಅತ್ತೆ.

ಗಂಗವ್ವ ಮುಖ ಆ ಕಡೆ ಮಾಡಿ ಹಾಡು ಗುನುಗುತ್ತಿದ್ದಳು. ಆಮೇಲೆ ಅತ್ತೆ ನನ್ನ ಕಡೆ ಬಗ್ಗಿದರು.

"ಮೂರು ಬಾಳಿಹಣ್ಣ ಯಾವನೂ ತರೂದಿಲ್ಲ. ನಾಕನೇದು ಎಲ್ಲೆ?"

"ತಿಂದೆ ಅತ್ತಿ."

"ತಂದವನು?"

ಗಾಡಿ ಹೊಡೆಯುತ್ತಿದ್ದ ನಮ್ಮವರು, ತಾನಾಗಿ ಓಡುತ್ತಿದ್ದ ಎತ್ತುಗಳ ಬಾಲ ತಿರುವತೊಡಗಿದರು. ಅತ್ತೆ ಮಗನ ಬೆನ್ನನ್ನು ನೋಡಿದರು. ಬೈಯುತ್ತಾರೆ ಎಂದು ನಾನು ಕುಗ್ಗಿ ಕೂತೆ. ಅವರು ತಮ್ಮ ಉಡಿಗೆ ಕೈ ಹಾಕಿದರು. ಆಯಿಯ ಮನೆಯವರು ಉಡಿ ತುಂಬಿದ ಹಣ್ಣು ಅದರಲ್ಲಿತ್ತು. ಒಂದು ಬಾಳೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟರು.

"ತಿನ್ನು. ಇಲ್ಲೆ, ನನ್ನ ಕಣ್ಣ ಮುಂದ ತಿನ್ನು. ನನ್ನ ಮನಿ ಸೊಸಿ ಗ್ವಾಡಿ ಮರಿಗೆ ನಿಂತು ತಿನ್ನೂದು ಬ್ಯಾಡ."

ನಾನು ಅಳುತ್ತ ತಿಂದೆ. ಆ ರುಚಿಯ ಬಾಳೆಹಣ್ಣನ್ನು ಆಮೇಲೆ ಯಾವ ಪೇಟೆಯಲ್ಲೂ ಕಂಡಿಲ್ಲ. ಸಿಪ್ಪೆಯನ್ನು ಹೊರಗೆ ಎಸೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಅತ್ತೆ ಸೊಂಟದಿಂದ ಎಲೆ ಕೋಣೆಯ ಕೀಲಿ ಬಿಚ್ಚಿ ನನ್ನ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು.

"ಹತ್ತು ಮಂದಿ ಮುಂದ ಪದ್ಧತಿ ಅಂತ ಹೇಳಿ ಬಂದೇನಿ," ಅಂದರು. "ನನ್ನ ಮಾತು ಸುಳ್ಳ ಆಗಬಾರದು. ಇನ್ನ ಮ್ಯಾಲೆ ನೀನ ನಡಸು."

ನಡೆಸಿದೆ. ಆಯಿ ಇರುವವರೆಗೆ ಪ್ರತಿ ತಿಂಗಳು ಒಂದು ಬುಟ್ಟಿ ಹಣ್ಣೆಲೆ ಜಮಖಂಡಿಗೆ ಹೋಯಿತು. ಆಮೇಲೆ ಸುತ್ತಲಿನ ಊರುಗಳ ಬೊಚ್ಚು ಬಾಯಿಯವರೆಲ್ಲ ಹೇಳಿಕಳಿಸತೊಡಗಿದರು, ಹಣ್ಣೆಲೆಯನ್ನು ಬುಡಕ್ಕೆ ಎಸೆಯುತ್ತಿದ್ದ ಮಾವ ಅದರ ಹೆಸರಿನ ಮೇಲೆ ಮೀಸೆ ತಿರುವತೊಡಗಿದರು. ಪ್ರತಿ ಸಲವೂ ನಮ್ಮವರು ಹಗಲು ಹೊತ್ತಿನಲ್ಲಿ, ಓಣಿಯ ನಡುವೆ, ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಬಾಳೆಹಣ್ಣು ತರುತ್ತಿದ್ದರು, ಲೆಕ್ಕ ತಪ್ಪದೆ ನಾಲ್ಕು. ಮೂರನ್ನು ನಾನು ಬುಟ್ಟಿಯ ತಳಕ್ಕೆ ಇಡುತ್ತಿದ್ದೆ. ನಾಲ್ಕನೆಯದನ್ನು ಅತ್ತೆ ಮನೆಮಂದಿಯೆಲ್ಲರ ಎದುರಿಗೆ ನನ್ನ ಕೈಗೆ ಕೊಟ್ಟು, ಯಾರಾದರೂ ಮುಸಿ ಮುಸಿ ನಕ್ಕರೆ ಆ ಕಡೆ ತಿರುಗಿ ಹೇಳುತ್ತಿದ್ದರು:

"ನಗಾಕ ಏನಾತು? ಪದ್ಧತಿ ಐತಿ."